ತಪ್ಪಿದ ಗೂಡಿಗೂ ಒಂದು ಹೆಸರು

ಹೊತ್ತಿಗೆ ಸರಿಯಾಗಿ ಜ್ವರ ಬಂತೆಂದು ನೆಮ್ಮದಿಪಡುವ ಮನೆಗಳು ಕನಕಪುರದ ಸುತ್ತಿನ ಹಳ್ಳಿಗಳಲ್ಲಿವೆ. ಮೊಟ್ಟೆಯೊಡೆದು ಬಂದ ರೇಷ್ಮೆಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಪೊರೆ ಕಳಚಬೇಕು. ಆ ಒಂದೊಂದು ಸಲಕ್ಕೂ ಅಲ್ಲಿನವರು ಇಟ್ಟ ಹೆಸರು ಜ್ವರ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ ನಾಲ್ಕನೆಯದರವರೆಗೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟುವುದಿಲ್ಲ. ತಲೆಯನ್ನು ಮೇಲೆತ್ತಿ, ಒಂದು ಹಗಲು ಒಂದು ರಾತ್ರಿಯಷ್ಟು ಕಾಲ ಅಲುಗದೆ ಇರುತ್ತದೆ. ಮನೆಯವರು ಸೊಪ್ಪು ನಿಲ್ಲಿಸಿ, ಹಾಸು ಒಣಗಲೆಂದು ತೆಳ್ಳಗೆ ಸುಣ್ಣದ ಪುಡಿ ಉದುರಿಸಿ, ಗಾಳಿಗೆ ದಾರಿ ಬಿಟ್ಟು ಕಾಯುತ್ತಾರೆ. “ಎಲ್ಲಾ ಒಟ್ಟಿಗೇ ಜ್ವರಕ್ಕೆ ಕುಂತವೆ ಕಣಣ್ಣ” ಎಂದು ಒಬ್ಬ ರೈತ ಇನ್ನೊಬ್ಬನಿಗೆ ಹೇಳಿದರೆ ಅದು ಸಂತೋಷದ ಸುದ್ದಿ. ಕೆಲವು ಮುಂದಾಗಿ ಕೆಲವು ಹಿಂದಾದರೆ ಚಿಂತೆ. ಜ್ವರ ಬಿಟ್ಟು ಎದ್ದ ಹುಳುವಿನ ತಲೆ ದಪ್ಪಗೆ, ಚರ್ಮ ಸಡಿಲವಾಗಿ ಬೆಳ್ಳಗೆ ಇರುತ್ತದೆ. ಆಗ ಅದರ ಹಸಿವೆಯನ್ನು ನೋಡಬೇಕು. ದೊಡ್ಡ ಹುಳುಗಳು ತುಂಬಿದ ಮನೆಯಲ್ಲಿ ಸೊಪ್ಪು ತಿನ್ನುವ ಸದ್ದು ಬಾಗಿಲಾಚೆಗೂ ಕೇಳುತ್ತದೆ.

ಹುಳು ಕೊನೆಗೆ ಮೈ ತಿಳಿಯಾಗಿ, ಬೆಳಕಿಗೆ ಹಿಡಿದರೆ ಒಳಗು ಕಾಣುವಷ್ಟು ಹೊಳಪಾಗಿ, ಸೊಪ್ಪು ಬಿಟ್ಟು ತಲೆಯಾಡಿಸುತ್ತಾ ಆಸರೆ ಹುಡುಕತೊಡಗಿದರೆ ಅದು ಹಣ್ಣಾಯಿತು ಎನ್ನುತ್ತಾರೆ. ಹಣ್ಣುಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ತಟ್ಟೆಯಾದ ಚಂದ್ರಿಕೆಗೆ ಬಿಡುತ್ತಾರೆ. ಅಪರೂಪಕ್ಕೆ ಮೂರೇ ಜ್ವರಕ್ಕೆ ಹಣ್ಣಾಗುವ ಹುಳುವೂ ಇರುತ್ತದೆ. ಅದರ ಗೂಡು ಚಿಕ್ಕದು, ಎಳೆ ಮಾತ್ರ ಉಳಿದವುಗಳಿಗಿಂತ ನವಿರು. ಜ್ವರ, ಹಣ್ಣು ಎಂಬ ಎರಡು ಮಾತುಗಳ ನಡುವೆ ಒಂದು ಪ್ರಾಣಿಯ ಸರಿಯಾದ ಬಾಳೆಲ್ಲ ಅಡಗಿದೆ. ಈ ಸರಿಯಾದ ಬಾಳಿನಿಂದ ಅತ್ತಿತ್ತ ಸರಿದದ್ದಕ್ಕೆ ಈ ಸೀಮೆಯ ಜನ ಇಟ್ಟಿರುವ ಹೆಸರುಗಳು ನನಗೆ ಇನ್ನೂ ಪ್ರಿಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ: ಈ ನಾಲ್ಕು ತಾಲ್ಲೂಕುಗಳ ರೇಷ್ಮೆಯ ಮಾತನ್ನು ಕಿವಿಗೊಟ್ಟು ಕೇಳಿದವರಿಗೆ, ಒಂದು ಕಸುಬನ್ನು ಪ್ರೀತಿಸುವವರು ಅದರ ತಪ್ಪುಗಳನ್ನೂ ಎಷ್ಟು ಬಗೆಯಾಗಿ ನೋಡುತ್ತಾರೆಂಬುದು ತಿಳಿಯುತ್ತದೆ.

ಸಹಜವಾದದ್ದನ್ನು ಜ್ವರ ಎಂದವರು ನಿಜವಾದ ರೋಗವನ್ನು ಹಾಲು ಎಂದರು. ಹಾಲುತೊಂಡೆ ಬಂದ ಹುಳುವಿನ ಗೆಣ್ಣುಗಳ ನಡುವೆ ಮೈ ಉಬ್ಬುತ್ತದೆ. ಅದು ಒಂದೆಡೆ ನಿಲ್ಲದೆ ತಟ್ಟೆಯ ಅಂಚಿನಲ್ಲಿ ಹರಿದಾಡುತ್ತದೆ. ಚರ್ಮ ಒಡೆದರೆ ಬೆಳ್ಳನೆಯ ದ್ರವ ಸೋರುತ್ತದೆ. ವೈರಸ್ಸಿನಿಂದ ಬರುವ ಈ ರೋಗ ಒಂದು ಹುಳುವಿಗೆ ಬಂದರೆ ಸೋರಿದ ಹನಿಯಿಂದ ಇಡೀ ತಟ್ಟೆಗೆ ಹರಡುತ್ತದೆ. ಅಷ್ಟು ಭಯದ ಸಂಗತಿಗೆ ಅಷ್ಟು ಮೃದುವಾದ ಹೆಸರು. ಚನ್ನಪಟ್ಟಣದ ಬೊಂಬೆಯ ಮರವೂ ಹಾಲಿನದೇ. ಗೊಂಬೆ ಮಾಡುವವರು ಆಲೆ ಮರ ಎನ್ನುವುದನ್ನು ಪುಸ್ತಕಗಳು ಹಾಲೆ ಎನ್ನುತ್ತವೆ. ಗೀರಿದರೆ ಹಾಲು ಬರುವುದು ಆ ಮರಕ್ಕೆ ಲಕ್ಷಣ, ಹುಳುವಿಗೆ ಅವಲಕ್ಷಣ. ಹುಳು ತಿನ್ನುವುದನ್ನು ಬಿಟ್ಟು, ಮೈ ಮೆತ್ತಗಾಗಿ, ಮುಟ್ಟಿದರೆ ಬಿಗುವಿಲ್ಲದೆ ಜೋತುಬಿದ್ದರೆ ಅದು ಸಪ್ಪೆ. ನಾಲಿಗೆಯ ಮಾತನ್ನು ಬೆರಳ ತುದಿಗೆ ತಂದು ಕೂರಿಸಿದ ಹೆಸರು ಇದು. ಹಿಪ್ಪುನೇರಳೆಯ ಎಲೆಗೂ ಇದೇ ಮನೆಮಾತಿನ ನಿಘಂಟು ಒದಗಿದೆ: ಬಿಳಿಯ ಪುಡಿ ಮೆತ್ತಿಕೊಂಡರೆ ಬೂದಿ ರೋಗ, ಕಂದು ಚುಕ್ಕೆ ಎದ್ದರೆ ತುಕ್ಕು ರೋಗ. ಒಲೆಯ ಬೂದಿ, ಕಬ್ಬಿಣದ ತುಕ್ಕು, ಗೋಡೆಯ ಸುಣ್ಣ, ಮನೆಯ ಹಾಲು. ಕಾಣದ ಜೀವಿಗಳ ಕೆಲಸವನ್ನು ಹೇಳಲು ಕಣ್ಣಮುಂದಿನ ವಸ್ತುಗಳು ಸಾಕಾದವು.

ಸುಣ್ಣದ ಕತೆ ದೂರದವರೆಗೂ ಹೋಗುತ್ತದೆ. ಒಂದು ಬಗೆಯ ಶಿಲೀಂಧ್ರ ತಗುಲಿದ ಹುಳು ಸತ್ತ ಮೇಲೆ ಕೊಳೆಯುವುದಿಲ್ಲ. ಸೆಟೆದು ಗಟ್ಟಿಯಾಗುತ್ತದೆ, ಮೈಮೇಲೆ ಬಿಳಿಯ ಪುಡಿ ಕಟ್ಟುತ್ತದೆ. ನಮ್ಮವರು ಅದನ್ನು ಸುಣ್ಣಕಟ್ಟು ರೋಗ ಎಂದರು. ಇಟಲಿಯ ಲೊಂಬಾರ್ದಿಯಲ್ಲಿ ಆಗಸ್ತಿನೊ ಬಾಸ್ಸಿ ಎಂಬವರು ಇದೇ ರೋಗವನ್ನು ವರ್ಷಗಟ್ಟಲೆ ಪರೀಕ್ಷಿಸಿ, ಒಂದು ಸೂಕ್ಷ್ಮಜೀವಿಯಿಂದಲೇ ಇದು ಹರಡುತ್ತದೆಂದು 1835ರಲ್ಲಿ ತೋರಿಸಿಕೊಟ್ಟರು. ಪ್ರಾಣಿಯೊಂದರ ರೋಗಕ್ಕೆ ಸೂಕ್ಷ್ಮಜೀವಿ ಕಾರಣವೆಂದು ಖಚಿತವಾದದ್ದು ಆಗಲೇ ಮೊದಲು. ಅವರ ಗ್ರಂಥದ ಹೆಸರಿನಲ್ಲೇ ಆ ನಾಡಿನ ರೈತರು ಆ ರೋಗವನ್ನು ಕರೆಯುತ್ತಿದ್ದ ಮಾತಿದೆ: ಕಾಲ್ಚಿನಾಚ್ಚೊ. ಅದೂ ಗೋಡೆಯಿಂದ ಉದುರುವ ಸುಣ್ಣದ ಗಾರೆಗೆ ಸಂಬಂಧಪಟ್ಟ ಪದವೇ. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯಿಂದ ವಾಷಿಂಗ್ಟನ್ ಮಾರಿ ಎಂಬ ತಜ್ಞರನ್ನು ಕರೆಸಿ ಚನ್ನಪಟ್ಟಣದಲ್ಲಿ ರೇಷ್ಮೆ ಫಾರಂ ತೆರೆದಾಗ ಸುಣ್ಣವನ್ನು ಕಂಡ ಎರಡು ನಾಡುಗಳು ಒಂದೇ ಅಂಗಳದಲ್ಲಿ ನಿಂತವು. ಒಬ್ಬರ ಮಾತು ಒಬ್ಬರಿಗೆ ತಿಳಿಯದ ರೈತರು ಸತ್ತ ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಒಂದೇ ಮಾತಿಗೆ ಬಂದಿದ್ದರು.

ಎಲ್ಲಕ್ಕಿಂತ ಭೀಕರವಾದದ್ದು ಗಂಟುರೋಗ, ಪುಸ್ತಕದಲ್ಲಿ ಪೆಬ್ರಿನ್. ತಾಯಿಚಿಟ್ಟೆಯಿಂದ ಮೊಟ್ಟೆಗೇ ಇಳಿಯುವ ರೋಗ ಇದೊಂದೇ. ಹುಳುವಿನ ಮೈಮೇಲೆ ಮೆಣಸು ಚೆಲ್ಲಿದಂಥ ಕಪ್ಪು ಚುಕ್ಕೆಗಳನ್ನು ಕಂಡ ದಕ್ಷಿಣ ಫ್ರಾನ್ಸಿನವರು ತಮ್ಮ ಆಡುಮಾತಿನ ಮೆಣಸಿನಿಂದಲೇ ಆ ಹೆಸರು ಕಟ್ಟಿದರು. 1865ರಲ್ಲಿ ಅಲೆಸ್ ಪಟ್ಟಣಕ್ಕೆ ಬಂದ ಲೂಯಿ ಪಾಶ್ಚರ್ ಇದಕ್ಕೊಂದು ಉಪಾಯ ಕಂಡುಕೊಂಡರು. ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಡಿ ನೋಡುವುದು. ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನು ಸುಟ್ಟುಬಿಡುವುದು. ಹುಳುವಿನ ಮೊಟ್ಟೆ ತಯಾರಿಸುವ ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ನಡೆಯುವ ಪರೀಕ್ಷೆ ಆ ದಾರಿಯದೇ. ಮೆಣಸು ಎಂದವರು ಹುಳುವಿನ ಮೈಯನ್ನು ನೋಡಿದ್ದರು, ಪಾಶ್ಚರ್ ಅದರ ಒಳಗನ್ನು ನೋಡಿದರು. ಮೊದಲ ನೋಟ ಹೆಸರು ಕೊಟ್ಟದ್ದರಿಂದಲೇ ಎರಡನೆಯ ನೋಟಕ್ಕೆ ಎಲ್ಲಿ ಹುಡುಕಬೇಕೆಂಬುದು ಗೊತ್ತಾಯಿತು.

ಹುಳುಮನೆಯಿಂದ ಗೂಡು ಇಳಿದು ಮಾರುಕಟ್ಟೆಗೆ ಬಂದಮೇಲೆ ಮಾತಿನ ಇನ್ನೊಂದು ಸಂತೆ ತೆರೆಯುತ್ತದೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿಯ ಬಿಳಿಗೂಡು ಒಂದು ಕಡೆ, ಮಿಶ್ರತಳಿಯ ಹಳದಿಗೂಡು ಇನ್ನೊಂದು ಕಡೆ ರಾಶಿಬೀಳುತ್ತವೆ. ಕೊಳ್ಳಲು ಬಂದ ರೀಲರು, ಎಂದರೆ ಗೂಡಿನಿಂದ ನೂಲು ತೆಗೆಯುವವರು, ರಾಶಿಯೊಳಗೆ ಕೈ ಇಳಿಸಿ, ತಳದಿಂದ ಒಂದು ಹಿಡಿ ಮೇಲೆತ್ತಿ ನೋಡುತ್ತಾರೆ. ಆ ನೋಟದಲ್ಲಿ ಕಣ್ಣಿಗಿರುವಷ್ಟೇ ಕೆಲಸ ಬೆರಳಿಗೂ ಕಿವಿಗೂ ಇದೆ. ಹೆಬ್ಬೆರಳಿನಿಂದ ಒತ್ತಿದಾಗ ಗೂಡು ಬಿಗಿಯಾಗಿ ಎದುರುಕೊಡಬೇಕು. ಕುಗ್ಗಿ ಒಳಗೆ ಹೋದರೆ ಅದು ಜಿಲ್ಲಿ. ಹುಳು ಅರ್ಧಕ್ಕೆ ನೂತು ನಿಲ್ಲಿಸಿದ, ಗೋಡೆ ತೆಳುವಾದ ಗೂಡು. ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಒಳಗಿನ ಕೋಶ ಟಕಟಕ ಎನ್ನಬೇಕು. ಸದ್ದು ಬರದಿದ್ದರೆ ಹುಳು ಒಳಗೇ ಸತ್ತು ಕರಗಿ ಗೋಡೆಗೆ ಅಂಟಿದೆ ಎಂದರ್ಥ. ಅಂಥ ಗೂಡಿನ ಹೊರಮೈ ಎಷ್ಟು ಚೆಲುವಾಗಿದ್ದರೂ ಬಿಚ್ಚುವಾಗ ಎಳೆ ಕಂದಾಗಿ ಕಡಿಯುತ್ತದೆ. ಪಕ್ಕದ ಹುಳುವಿನ ಉಚ್ಚೆ ಬಿದ್ದು ಕರೆಹಿಡಿದ ಗೂಡು, ಚಂದ್ರಿಕೆಯ ದಬ್ಬೆಗೆ ಒತ್ತಿಕೊಂಡು ಒಂದು ಮಗ್ಗುಲು ಚಪ್ಪಟೆಯಾದ ಗೂಡು, ತೂತುಬಿದ್ದ ಗೂಡು, ಜೋಡಿಗೂಡು. ಒಂದು ಹಿಡಿಯೊಳಗೆ ಇಷ್ಟು ಬಗೆಯ ಭೇದವನ್ನು ಅವರು ನಿಂತಲ್ಲೇ ಓದುತ್ತಾರೆ.

ಈ ಹೆಸರುಗಳು ಬಂದ ದಾರಿಗಳೂ ಸ್ವಾರಸ್ಯವಾಗಿವೆ. ಬೆಳೆಯುವ ರೈತರದು ಹೆಚ್ಚಾಗಿ ಕನ್ನಡ, ನೂಲು ತೆಗೆಯುವ ರೀಲರುಗಳಲ್ಲಿ ಅನೇಕರ ಮನೆಮಾತು ದಖ್ಖನಿ ಉರ್ದು. ತೆಳುಪೊರೆ ಎಂಬ ಅರ್ಥದ ಜಿಲ್ಲಿ ಆ ಕಡೆಯಿಂದ ಬಂದು ಕನ್ನಡದ ಗೂಡಿನ ಜತೆ ಸೇರಿತು. ಊಜಿ ಬಂದದ್ದು ಇನ್ನೂ ದೂರದಿಂದ. ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುವ ಆ ನೊಣ 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಹೊಕ್ಕಿತು. ಅದಕ್ಕೆ ಮೊದಲು ಇಲ್ಲಿಯವರು ಅದನ್ನು ಕಂಡವರಲ್ಲ. ಹುಳುವಿನ ಚರ್ಮದ ಮೇಲೆ ಒಂದು ಕಪ್ಪು ಗುರುತು, ಒಳಗೆ ಬೆಳೆಯುವ ಮರಿ, ಕೊನೆಗೆ ಗೂಡಿಗೆ ತೂತು. ಊಜಿ ಎಂಬುದು ಜಪಾನೀ ಮಾತು, ನೊಣದ ಮರಿಹುಳುವಿಗೆ ಅಲ್ಲಿಯವರ ಹೆಸರು. ಜೋಡಿಗೂಡನ್ನೇ ಡಬಲ್ ಗೂಡು ಎನ್ನುವಾಗಿನ ಡಬಲ್ ಇಂಗ್ಲಿಷು. ರೇಷ್ಮೆ ಎಂಬ ಮಾತೇ ಪಾರಸಿಯಿಂದ ಬಂದದ್ದು. ಸಂಸ್ಕೃತ ಕನ್ನಡಗಳ ಬೆರಕೆ ಸಮಾಸವನ್ನು ಅರಿಸಮಾಸ, ಎಂದರೆ ಶತ್ರು ಸಮಾಸ, ಎಂದು ಹಿಂದಿನ ವ್ಯಾಕರಣಕಾರರು ದೋಷದ ಪಟ್ಟಿಗೆ ಸೇರಿಸಿದ್ದರು. ಆದರೂ 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಬಿರುದುಗಳಲ್ಲಿಯೂ ಹಿಂದಿನ ಕವಿಗಳು ಬಳಸಿದ ಕಡೆಯೂ ಅದನ್ನು ಒಪ್ಪಿಕೊಂಡ. ಆ ಕಣ್ಣಿನಿಂದ ನೋಡಿದರೆ ರಾಮನಗರದ ಮಾರುಕಟ್ಟೆಯ ಮಾತೆಲ್ಲ ಅರಿಸಮಾಸ: ರೇಷ್ಮೆಗೂಡು, ಜಿಲ್ಲಿಗೂಡು, ಊಜಿಗೂಡು, ಡಬಲ್ ಗೂಡು. ನಾಲ್ಕು ದಿಕ್ಕಿನಿಂದ ಬಂದ ಪೂರ್ವಪದಗಳಿಗೆ ಗೂಡು ಎಂಬ ಒಂದು ಕನ್ನಡ ಪದ ಆಸರೆಯಾಗಿದೆ. ದಾರಿ ತಪ್ಪಿದ ವಸ್ತುಗಳಿಗೆ ಹೆಸರಿಡಲು ರೂಢಿ ತಪ್ಪಿದ ಸಮಾಸಗಳೇ ಒದಗಿದ್ದು ನನಗೆ ತುಂಬ ಒಪ್ಪುತ್ತದೆ.

ಸರಿ ಯಾವುದು, ತಪ್ಪು ಯಾವುದು ಎಂಬ ಗೆರೆ ಎಲ್ಲ ಕಡೆ ಒಂದೇ ಜಾಗದಲ್ಲಿಲ್ಲ ಎಂಬುದನ್ನು ಕಾಣಲು ಮಾಗಡಿಯ ಕಡೆಗೆ ಹೋಗಬೇಕು. ಅದು ಬಿತ್ತನೆ ಗೂಡಿನ ಸೀಮೆ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಸಕ್ತಿಯಿಂದ ಮೈಸೂರು ಸೀಮೆಯಲ್ಲಿ ಬೇರೂರಿದ ಈ ಕಸುಬಿನ ಹಳೆಯ ಗುರುತಾಗಿ ಮೈಸೂರು ತಳಿ ಇಂದಿಗೂ ಅಲ್ಲಿಯ ರೈತರ ಕೈಯಲ್ಲಿ ಉಳಿದುಬಂದಿದೆ. ಅದರ ಗೂಡು ಹಸಿರುಛಾಯೆಯ ಹಳದಿ, ಕದಿರಿನ ಹಾಗೆ ಎರಡೂ ತುದಿ ಚೂಪು, ಮೇಲೆ ಸಡಿಲ ಎಳೆಗಳ ನಯವಾದ ಜೊಂಡು. ಒಂದು ಗೂಡಿನ ಎಳೆ 400 ಮೀಟರಿನ ಆಸುಪಾಸು. ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ರೂಪಿಸಿದ ಸಿಎಸ್‌ಆರ್-2 ಎಂಬ ದ್ವಿತಳಿಯ ಗೂಡಾದರೆ ಅಚ್ಚ ಬಿಳುಪು, ಮೊಟ್ಟೆಯಾಕಾರ; ಸಿಎಸ್‌ಆರ್-4ರದು ನಡು ಸಣ್ಣಗಾದ ಆಕಾರ. ಒಳ್ಳೆಯ ದ್ವಿತಳಿ ಗೂಡಿನಿಂದ ಸಾವಿರ ಮೀಟರಿನಷ್ಟು ಎಳೆ ಒಂದೇ ಸಮನೆ ಬರುತ್ತದೆ. ದ್ವಿತಳಿಯ ರಾಶಿಯಲ್ಲಿ ತುದಿ ಚೂಪಾದ ಗೂಡು ಕಂಡರೆ ಅದು ಕೊರತೆ, ಏಕೆಂದರೆ ತುದಿಯಲ್ಲಿ ಗೋಡೆ ತೆಳುವಾಗಿ ಬಿಚ್ಚುವಾಗ ಎಳೆ ತುಂಡಾಗುತ್ತದೆ. ಮಾಗಡಿಯ ರೈತನಿಗೆ ಆ ಚೂಪೇ ತಳಿ ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿ. ಅಲ್ಲಿ ಗುಂಡಗಿರುವುದು ಸಂಶಯ. ಮೈಸೂರು ತಳಿಯ ಹೆಣ್ಣಿಗೂ ಸಿಎಸ್‌ಆರ್-2ರ ಗಂಡಿಗೂ ಹುಟ್ಟುವ ಮಿಶ್ರತಳಿಯ ಹಳದಿಗೂಡು ಈ ಎರಡು ಸರಿಗಳ ನಡುವೆ ನಿಂತು ತನ್ನದೇ ಮೂರನೆಯ ಸರಿಯನ್ನು ಮಾಡಿಕೊಂಡಿದೆ.

ತೂತಿನದೂ ಹೀಗೆಯೇ. ನೂಲು ತೆಗೆಯುವವನಿಗೆ ತೂತುಗೂಡು ಎಂದರೆ ಸಾವಿರ ಕಡೆ ಕಡಿದ ಎಳೆ. ಬಿತ್ತನೆ ಕೋಠಿಯಲ್ಲಾದರೆ ಗೂಡಿಗೆ ತೂತು ಬೀಳಲೆಂದೇ ಕಾಯುತ್ತಾರೆ. ಒಳಗಿನ ಚಿಟ್ಟೆ ಒಂದು ಬಗೆಯ ರಸ ಉಗುಳಿ ಗೋಡೆಯ ತುದಿಯನ್ನು ಮೆತ್ತಗೆ ಮಾಡಿ, ಎಳೆಗಳನ್ನು ಸರಿಸಿ, ತಲೆ ಹೊರಹಾಕುತ್ತದೆ. ಆ ತೂತು ಬೀಳದೆ ಮುಂದಿನ ಬೆಳೆ ಇಲ್ಲ. ಊಜಿಯ ತೂತಿಗೂ ಚಿಟ್ಟೆಯ ತೂತಿಗೂ ಇರುವ ಅಂತರವನ್ನು ಬಲ್ಲವರು ನೋಡಿದೊಡನೆ ಹೇಳುತ್ತಾರೆ. ಒಂದು ಸಾವು ಹೊರಬಂದ ದಾರಿ, ಇನ್ನೊಂದು ಜೀವ ಹೊರಬಂದ ದಾರಿ. ಎರಡೂ ಗೂಡುಗಳು ನೂಲಿನ ಯಂತ್ರಕ್ಕೆ ಬೇಡವಾದವು. ಆದರೆ ಅವಕ್ಕೆಂದೇ 1930ರ ದಶಕದಲ್ಲಿ ಚನ್ನಪಟ್ಟಣದಲ್ಲಿ ಒಂದು ಗಿರಣಿ ಎದ್ದಿತು. ಅದು ಸ್ಪನ್ ಸಿಲ್ಕ್ ಮಿಲ್. ತೂತುಗೂಡು, ನೂಲು ತೆಗೆಯುವಾಗ ಉಳಿದ ಸಿಕ್ಕು, ಗೂಡಿನ ಮೇಲಿನ ಜೊಂಡು ಎಲ್ಲವನ್ನೂ ಬೇಯಿಸಿ ಅಂಟು ತೆಗೆದು, ಬಾಚಿ, ಹತ್ತಿಯನ್ನು ನೂಲುವ ಕ್ರಮದಲ್ಲಿ ನೂತು ಎಳೆ ಮಾಡುವ ಕೆಲಸ. ಅಖಂಡವಾದ ಎಳೆಗೆ ಇರುವ ಮಿರುಗು ಸ್ಪನ್ ರೇಷ್ಮೆಗೆ ಇಲ್ಲ. ಅದರ ಬದಲು ಅದಕ್ಕೊಂದು ಮಂದವಾದ ಹೊಳಪೂ ಮೈಗೆ ಬೆಚ್ಚನೆಯ ಮೃದುತ್ವವೂ ಇದೆ. ತುಂಡು ಎಳೆಗಳು ಒಂದನ್ನೊಂದು ಹಿಡಿದುಕೊಂಡದ್ದರಿಂದ ಬಂದ ಗುಣ ಅದು.

ಇನ್ನು ಜೋಡಿಗೂಡು. ಈ ಇಡೀ ಪದಕೋಶದಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಇಲ್ಲಿಯೇ. ಚಂದ್ರಿಕೆಯಲ್ಲಿ ಹುಳುಗಳನ್ನು ಒತ್ತೊತ್ತಾಗಿ ಬಿಟ್ಟಾಗ ಎರಡು ಹಣ್ಣುಹುಳುಗಳು ಒಂದೇ ಸಂದನ್ನು ಆರಿಸಿಕೊಂಡು, ಒಂದೇ ಗೋಡೆಯೊಳಗೆ ಕೂತು ನೂಲತೊಡಗುತ್ತವೆ. ಒಂಟಿ ಹುಳು ತಲೆಯನ್ನು ಎಂಟರ ಆಕಾರದಲ್ಲಿ ಆಡಿಸುತ್ತಾ ಎರಡು ಮೂರು ದಿನ ಬಿಡದೆ ಎಳೆ ಸುತ್ತಿ ಗೂಡು ಮುಗಿಸುತ್ತದೆ. ಆ ಎಂಟುಗಳು ಒಂದರ ಮೇಲೊಂದು ಕ್ರಮವಾಗಿ ಕೂರುವುದರಿಂದಲೇ ಬಿಸಿನೀರಿನಲ್ಲಿ ಗೂಡು ಒಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ. ಎರಡು ಹುಳು ಸೇರಿದಾಗ ಈ ಕ್ರಮ ಕೆಡುತ್ತದೆ. ಒಂದರ ಎಳೆಯ ಮೇಲೆ ಇನ್ನೊಂದರದು ಹಾಯುತ್ತದೆ, ಅದರ ಮೇಲೆ ಮತ್ತೆ ಇದರದು. ಗೂಡು ದಪ್ಪ, ಗೋಡೆ ಗಟ್ಟಿ, ಒಳಗೆ ಎರಡು ಕೋಶಗಳ ಸದ್ದು. ಬಿಚ್ಚಲು ಹೋದರೆ ಎಳೆ ತಡೆದು, ಸಿಕ್ಕಾಗಿ, ಒಮ್ಮೆಗೇ ಗಂಟುಗಂಟಾಗಿ ಎದ್ದುಬರುತ್ತದೆ. ಸ್ವಯಂಚಾಲಿತ ಯಂತ್ರಗಳಿಗೆ ಇದು ಆಗದ ಮಾತು. ಚರಕದ ಮುಂದೆ ಕೂತ ಕೈ ಮಾತ್ರ ಅದರ ಹಟವನ್ನು ತಿಳಿದು, ಎಲ್ಲಿ ಎಳೆಯಬೇಕು ಎಲ್ಲಿ ಬಿಡಬೇಕು ಎಂದು ನೋಡಿಕೊಂಡು ನೂಲು ತೆಗೆಯುತ್ತದೆ.

ಆ ನೂಲೇ ಡುಪಿಯನ್. ಇಟಲಿಯವರು ಇಮ್ಮಡಿ ಎಂಬ ಅರ್ಥದಲ್ಲಿ ದೊಪ್ಪಿಯೊನೆ ಎಂದದ್ದು ಫ್ರೆಂಚರ ಬಾಯಿಗೆ ಹೋಗಿ ಈ ರೂಪಕ್ಕೆ ಬಂತು. ಸಪೂರವಾದ ಸಮನೂಲನ್ನು ಹಾಸಿಗೆ ಇಟ್ಟು ಡುಪಿಯನ್ನನ್ನು ಹೊಕ್ಕಿಗೆ ಕೊಟ್ಟು ನೇಯ್ದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಒಂದು ಕಡೆ ಎಳೆ ಸದ್ದಿಲ್ಲದೆ ಹರಿಯುತ್ತದೆ, ಇದ್ದಕ್ಕಿದ್ದಂತೆ ಒಂದು ಉಬ್ಬು, ಅದರ ಬೆನ್ನಿಗೆ ಒಂದು ಸಣ್ಣ ನೆರಳು, ಮತ್ತೆ ಸಮ, ನಾಲ್ಕು ಬೆರಳಾಚೆಗೆ ಇನ್ನೊಂದು ಉಬ್ಬು, ಆದರೆ ಮೊದಲಿನಷ್ಟು ಉದ್ದವಲ್ಲ. ಎಲ್ಲಿ ಬರುತ್ತದೆಂದು ಹೇಳಲಾಗದ, ಬಂದಾಗ ಇಲ್ಲಿಯೇ ಬರಬೇಕಿತ್ತು ಅನಿಸುವ ಗಂಟುಗಳು. ಹಾಸಿಗೆ ಒಂದು ಬಣ್ಣ, ಹೊಕ್ಕಿಗೆ ಇನ್ನೊಂದು ಬಣ್ಣ ಕೊಟ್ಟಿದ್ದರೆ ಆ ಉಬ್ಬುಗಳ ನೆತ್ತಿಯಲ್ಲಿ ಒಂದು, ಇಳಿಜಾರಿನಲ್ಲಿ ಇನ್ನೊಂದು ಬಣ್ಣ ಮಿನುಗುತ್ತದೆ. ಮುದುರಿದರೆ ಗರಗರ ಎನ್ನುತ್ತದೆ. ನುಣುಪಾದ ಮೈಸೂರು ಕ್ರೇಪಿನ ಸುಖ ಬೆರಳು ಜಾರುವುದರಲ್ಲಿದೆ, ಡುಪಿಯನ್ನಿನ ಸುಖ ಬೆರಳು ತಡೆಯುವುದರಲ್ಲಿದೆ. ಜಪಾನಿನ ಇಶಿಕಾವಾ ಪ್ರಾಂತ್ಯದಲ್ಲಿ ಜೋಡಿಗೂಡಿನ ನೂಲು ಬಳಸಿ ಉಶಿಕುಬಿ ತ್ಸುಮುಗಿ ಎಂಬ ಬಟ್ಟೆ ನೇಯುತ್ತಾರೆ. ಅವರು ಆ ಗೂಡಿಗೆ ಇಟ್ಟ ಹೆಸರು ತಾಮಾಮಯು. ಅಲ್ಲಿಯೂ ಇಲ್ಲಿಯೂ ನಡೆದದ್ದು ಒಂದೇ: ಬೇಡದ್ದನ್ನು ಬೇರೆ ಮಾಡಿ ಇಟ್ಟರು, ಬೇರೆ ಮಾಡಿದ್ದಕ್ಕೆ ಹೆಸರಿಟ್ಟರು, ಹೆಸರಾದದ್ದಕ್ಕೆ ಕೊಳ್ಳುವವರು ಹುಟ್ಟಿದರು. ಹೆಸರಿಲ್ಲದೆ ಕಸದ ರಾಶಿಯಲ್ಲಿ ಬಿದ್ದಿದ್ದರೆ ಜೋಡಿಗೂಡು ಎಂದೂ ಸೀರೆಯಾಗುತ್ತಿರಲಿಲ್ಲ.

ಚನ್ನಪಟ್ಟಣದ ಬೊಂಬೆಯ ಓಣಿಗಳಲ್ಲಿ ಕನ್ನಡದ ಈ ಬಗೆಯ ಮಾತುಗಳು ಬೇರೆ ರೂಪದಲ್ಲಿ ಕಿವಿಗೆ ಬೀಳುತ್ತವೆ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಬಣ್ಣ ಕರಗಿ ಮೈಗೆ ಹಿಡಿಯುತ್ತದೆ. ತಾಳೆ ಗರಿ ಒತ್ತಿದಾಗ ಅದು ಮಿರುಗುತ್ತದೆ. ಬುಗುರಿಯೋ ಗಿಲಕಿಯೋ ಸುತ್ತಿನಿಂದ ಕೂದಲೆಳೆಯಷ್ಟು ತಪ್ಪಿದರೂ ಕೈಗೆ ತಿಳಿದುಬಿಡುತ್ತದೆ. ತಪ್ಪಿದ್ದು ಹೇಗೆ ಎಂಬುದಕ್ಕೆ ನಮ್ಮ ನುಡಿಯಲ್ಲಿ ಎಷ್ಟು ಮಾತು! ನೇರವಾಗಿದ್ದೂ ಒಂದು ಕಡೆಗೆ ತಿರುಗಿದ್ದು ಓರೆ. ನಡುವೆ ಬಾಗಿದ್ದು ಡೊಂಕು. ಆಕಾರವೇ ಹಿಂಡಿಹೋದದ್ದು ಸೊಟ್ಟ. ಬೀಳುವ ಕಡೆಗೆ ಮನಸ್ಸು ಮಾಡಿದ್ದು ವಾಲು. ಅಂಚು ಹಾರಿಹೋದದ್ದು ಮುಕ್ಕು. ನಾರಿನ ಜಾಡು ಹಿಡಿದು ಬಿಟ್ಟುಕೊಂಡದ್ದು ಸೀಳು. ಬಿಟ್ಟುಕೊಳ್ಳದೆ ಗೆರೆಯಷ್ಟೇ ಮೂಡಿದ್ದು ಬಿರುಕು. ಇವುಗಳಲ್ಲಿ ಒಂದರ ಜಾಗದಲ್ಲಿ ಇನ್ನೊಂದನ್ನು ಇಡಲಾಗದು. ಓರೆನೋಟ ಎನ್ನುತ್ತೇವೆ, ಸೊಟ್ಟನೋಟ ಎನ್ನುವುದಿಲ್ಲ. ನೇರಕ್ಕೆ ಇಷ್ಟು ಹೆಸರು ಯಾವ ಭಾಷೆಯಲ್ಲೂ ಬೇಕಾಗಿಲ್ಲ. ಸರಿಯಾಗಿರುವ ದಾರಿ ಒಂದು, ಸರಿಯಿಂದ ಆಚೆಗೆ ಹೋಗುವ ದಾರಿಗಳು ಹಲವು. ಅದಕ್ಕೇ ಭಾಷೆಯ ಸಿರಿ ಬೆಳೆಯುವುದು ಆ ಆಚೆಯಲ್ಲಿ.

ಸರಿಯಿಂದ ಸರಿದದ್ದಕ್ಕೆ ಸಂಗೀತವೂ ಹೆಸರಿಟ್ಟಿದೆ. ಚನ್ನಪಟ್ಟಣದ ಮಗ್ಗುಲಲ್ಲೇ ದೊಡ್ಡಮಳೂರು ಇದೆ. ಅಪ್ರಮೇಯಸ್ವಾಮಿಯ ಗುಡಿಯಲ್ಲಿ ಅಂಬೆಗಾಲಿಡುವ ಕೃಷ್ಣನ ಪುಟ್ಟ ಮೂರ್ತಿ. ಪುರಂದರದಾಸರು ‘ಜಗದೋದ್ಧಾರನ’ ಹಾಡಿದ್ದು ಈ ಕೃಷ್ಣನನ್ನು ಕಂಡೇ ಎಂದು ಊರಿನವರ ನಂಬಿಕೆ. ಆ ಪದವನ್ನು ಇಂದು ಸಂಗೀತಗಾರರು ಕಾಪಿ ರಾಗದಲ್ಲಿ ಹಾಡುವುದು ರೂಢಿ. ಕಾಪಿ ಖರಹರಪ್ರಿಯ ಎಂಬ ತಾಯಿರಾಗದಿಂದ ಹುಟ್ಟಿದ ರಾಗ. ಆದರೆ ಖರಹರಪ್ರಿಯಕ್ಕೆ ಸೇರದ ಅಂತರ ಗಾಂಧಾರ, ಕಾಕಲಿ ನಿಷಾದ, ಶುದ್ಧ ಧೈವತಗಳು ಕಾಪಿಯೊಳಗೆ ಬಂದು ಹೋಗುತ್ತವೆ. ಹೀಗೆ ಹೊರಗಿನಿಂದ ಬಂದ ಸ್ವರವನ್ನು ಶಾಸ್ತ್ರ ಅನ್ಯಸ್ವರ ಎಂದಿತು. ಅದನ್ನು ಒಳಗೊಂಡ ರಾಗಕ್ಕೆ ಭಾಷಾಂಗ ಎಂಬ ಹೆಸರು ಕೊಟ್ಟು ಗೌರವದಿಂದ ಕೂರಿಸಿತು. ಸ್ವರಗಳು ಏಣಿಯ ಮೆಟ್ಟಿಲಲ್ಲಿ ನೇರ ಹತ್ತದೆ ಹಿಂದೆ ಮುಂದೆ ತಿರುಗಿದರೆ ಅದು ವಕ್ರ ರಾಗ. ಮಗುವನ್ನು ಆಡಿಸುವ ತಾಯಿಯ ವಾತ್ಸಲ್ಯ ಕಾಪಿಯಲ್ಲಿ ತುಳುಕುವುದಕ್ಕೆ ಆ ಅನ್ಯಸ್ವರಗಳ ಸ್ಪರ್ಶ ದೊಡ್ಡ ಕಾರಣ. ಮನೆಯವರ ನಡುವೆ ನೆಂಟರು ಬಂದು ಕೂತಾಗಲೇ ಮನೆಗೆ ಕಳೆ ಬರುವ ಗಳಿಗೆ ಅದು.

ದೋಷವನ್ನು ಇಷ್ಟು ಗಮನದಿಂದ ನೋಡುವುದು ಕನ್ನಡಕ್ಕೆ ಹೊಸತೂ ಅಲ್ಲ. ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ, 9ನೇ ಶತಮಾನದ ಕವಿರಾಜಮಾರ್ಗ, ತನ್ನ ಮೊದಲ ಪರಿಚ್ಛೇದವನ್ನೇ ದೋಷ ಮತ್ತು ಅದೋಷಗಳ ವಿಚಾರಕ್ಕೆ ಮೀಸಲಿಟ್ಟಿದೆ. ಕಾವ್ಯದಲ್ಲಿ ಯಾವುದು ತಪ್ಪು, ತಪ್ಪಿನಂತೆ ಕಂಡದ್ದು ಯಾವಾಗ ತಪ್ಪಲ್ಲ ಎಂಬ ವಿವೇಚನೆಯಿಂದ ನಮ್ಮ ಸಾಹಿತ್ಯಮೀಮಾಂಸೆ ಆರಂಭವಾಗುತ್ತದೆ. ಒಂದೆರಡು ಶತಮಾನದ ಬಳಿಕ ಕಾಶ್ಮೀರದ ಕಾವ್ಯಮೀಮಾಂಸಕ ಕುಂತಕ ಇನ್ನೂ ಮುಂದೆ ಹೋಗಿ, ವಕ್ರತೆಯೇ ಕಾವ್ಯದ ಜೀವಾಳ ಎಂದ; ಅಕ್ಷರದ ಜೋಡಣೆಯಿಂದ ಇಡೀ ಪ್ರಬಂಧದವರೆಗೆ ಆ ವಕ್ರತೆಗೆ ಆರು ಬಗೆ ಹೇಳಿದ. ಸಾಮಾನ್ಯವಾದ ಮಾತಿನ ದಾರಿಯಿಂದ ಸರಿದಾಗ ಉಕ್ತಿ ಬೆಳಗುತ್ತದೆ ಎಂಬುದು ಅವನ ಕಾಣ್ಕೆ. ಆದರೆ ಸರಿದದ್ದೆಲ್ಲ ಬೆಳಗುವುದಿಲ್ಲ. ಹಾಲುತೊಂಡೆ ಬಂದ ಹುಳುವನ್ನು ಎತ್ತಿ ಹಾಕಲೇಬೇಕು, ಮುಕ್ಕಾದ ಗಿಲಕಿಯನ್ನು ಮಗುವಿನ ಬಾಯಿಗೆ ಕೊಡಲಾಗದು. ಯಾವುದನ್ನು ಬಿಡಬೇಕು, ಯಾವುದನ್ನು ಬೇರೆ ಇಟ್ಟು ಬಾಳಿಸಬೇಕು ಎಂಬ ವಿವೇಕಕ್ಕೆ ಮೊದಲು ಬೇಕಾದದ್ದು ಒಂದನ್ನು ಇನ್ನೊಂದರಿಂದ ಬಿಡಿಸಿ ಹೇಳುವ ಮಾತು. ಗೂಡಿನ ರಾಶಿಯ ಮುಂದೆ ಕೂತ ರೈತನೂ ರೀಲರೂ ದಿನವೂ ಮಾಡುವುದು ಆ ದೋಷಾದೋಷ ನಿರ್ಣಯವನ್ನೇ.

ಈಗ ಹುಳುಸಾಕಣೆ ಬಹಳ ಸುಧಾರಿಸಿದೆ. ಒಳ್ಳೆಯ ತಳಿ, ಶುಚಿಯಾದ ಮನೆ, ಸ್ವಯಂಚಾಲಿತ ಯಂತ್ರ ಎಲ್ಲ ಬಂದಿವೆ. ರೈತನ ಬೆಳೆ ಕೈಗೆ ಹತ್ತುತ್ತದೆ. ಅದು ಎಲ್ಲರೂ ಬಯಸಿದ್ದೇ. ಆದರೆ ಯಂತ್ರಕ್ಕೆ ಬೇಕಾದ್ದು ಒಂದೇ ಅಳತೆಯ ಗೂಡು. ಅದಕ್ಕೆ ಹೊಂದದ್ದೆಲ್ಲ ಕಾಗದದಲ್ಲಿ ದೋಷಪೂರಿತ ಗೂಡು ಎಂಬ ಒಂದೇ ಮಾತಿನೊಳಗೆ ಸೇರಿಹೋಗುತ್ತದೆ. ಜಿಲ್ಲಿ, ಕರೆ, ಕರಗಿದ್ದು, ಊಜಿ, ತೂತು, ಜೋಡಿ ಎಂಬ ಮಾತುಗಳಿದ್ದ ಕಡೆ ಒಂದೇ ಮಾತು ಉಳಿದರೆ ಬೆರಳಿನ ಬಿಗುವು, ಕಿವಿಯ ಪರೀಕ್ಷೆ, ತೂತಿನ ಅಂಚನ್ನು ಓದುವ ಕಣ್ಣು, ಇವೆಲ್ಲ ಮುಂದಿನವರ ಕೈಗೆ ದಾಟುವ ದಾರಿ ಮುಚ್ಚುತ್ತದೆ. ಆ ಬೆರಳುಗಳೂ ಕಿವಿಗಳೂ ಇನ್ನೂ ರಾಮನಗರದ ಮಾರುಕಟ್ಟೆಯಲ್ಲಿ ಕೆಲಸ ಮಾಡುತ್ತಿವೆ. ಅವರ ಬಾಯಿಂದಲೇ, ಅವರು ಹೇಳುವ ಉಚ್ಚಾರದಲ್ಲೇ, ಗೂಡನ್ನು ಎದುರಿಗಿಟ್ಟುಕೊಂಡು ಈ ಮಾತುಗಳನ್ನು ಬರೆದಿಡುವ ಕೆಲಸ ನಮ್ಮ ವಿಶ್ವವಿದ್ಯಾಲಯಗಳಿಗೂ ನಿಘಂಟುಕಾರರಿಗೂ ಸೇರಿದ್ದು. ಕೊಳ್ಳುವ ನಾವು ಮಾಡಬಹುದಾದದ್ದೂ ಒಂದಿದೆ. ಅಂಗಡಿಯಲ್ಲಿ ಡುಪಿಯನ್ ಬಟ್ಟೆಯ ಗಂಟುಗಳನ್ನು ಸವರುತ್ತಾ ಇದು ನೇಯ್ಗೆಯ ಕೊರತೆಯೇ ಎಂದು ಯಾರಾದರೂ ಕೇಳಿದರೆ, ಇದು ಜೋಡಿಗೂಡಿನ ರೇಷ್ಮೆ, ಎರಡು ಹುಳುಗಳು ಕೂಡಿ ನೂತದ್ದು ಎಂದು ಹೇಳಿ ಹೆಮ್ಮೆಯಿಂದ ಕೊಳ್ಳೋಣ.